ಕ್ಯಾಮೆರಾ ಡ್ರೋನಿನ ತೋಳು ಬಳುಕಿದರೆ ಚಿಂತಿಸಬೇಕೆ? ಪ್ಲಾಸ್ಟಿಕ್ಕಿಗೆ ನಿಜವಾಗಿಯೂ ಫೆಟೀಗ್ ಆಗುತ್ತದೆಯೇ?

ಕಲ್ಯಾಣಮಂಟಪ_ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ಮದುವೆ, ಗೃಹಪ್ರವೇಶಗಳ ಚಿತ್ರೀಕರಣಕ್ಕೆ ನಾನು ಬಳಸುತ್ತಿರುವುದು ತೋಳು ಮಡಚುವ, 249 ಗ್ರಾಂ ತೂಕದ ಡ್ರೋನು. 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನುಗಳ ಆಮದನ್ನು ಸರಕಾರ ನಿಷೇಧಿಸಿದ ಮೇಲೆ ಅದೇ ದರ್ಜೆಯ ಹೊಸದನ್ನು ಬಿಲ್ಲಿನ ಸಮೇತ ಕೊಳ್ಳುವುದು ಸುಲಭವಲ್ಲ. ಆದ್ದರಿಂದ ಇರುವುದನ್ನೇ ಸಾಧ್ಯವಾದಷ್ಟು ಕಾಲ ಉಳಿಸಿಕೊಳ್ಳಬೇಕೆಂದಿದ್ದೇನೆ. ಮೋಟಾರಿನ ತುದಿಯನ್ನು ಹಿಡಿದು ಮೇಲಕ್ಕೆ ಒತ್ತಿದರೆ ಮುಂದಿನ ತೋಳುಗಳು ಕಣ್ಣಿಗೆ ಕಾಣುವಷ್ಟು ಬಳುಕುತ್ತವೆ. ಬಿಡಿಭಾಗ ಮಾರುವವರೊಬ್ಬರು ಅದನ್ನು ನೋಡಿ, ಪ್ಲಾಸ್ಟಿಕ್ಕಿಗೆ ಫೆಟೀಗ್ ಆಗಿದೆ (ಅಂದರೆ ಪದೇ ಪದೇ ಭಾರ ಬಿದ್ದು ವಸ್ತು ದಣಿದು ಬಿರುಕು ಬಿಡುವುದು), ಇನ್ನು ಯಾವ ದಿನ ಬೇಕಾದರೂ ಆಕಾಶದಲ್ಲೇ ತೋಳು ಕಳಚಬಹುದು ಎಂದು ಹೆದರಿಸಿದರು.

ನನ್ನ ಪ್ರಶ್ನೆ ಎರಡು. ಈ ಬಳುಕು ಹುಟ್ಟಿನಿಂದಲೇ ಇರುವುದೋ, ವಯಸ್ಸಾದಂತೆ ಬಂದದ್ದೋ? ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡ್ರೋನಿಗೂ ವಿಮಾನಗಳಿಗೆ ಆಗುವಂತೆ ಫೆಟೀಗ್ ಆಗುತ್ತದೆಯೇ, ಅಥವಾ ಅದು ತೋಳು ಮಾರುವ ತಂತ್ರವೇ?

ಬೆಸುಗೆ_ಬೆಂಚು

ತೋಳಿಗೆ ಫೆಟೀಗ್ ಆಗುವುದರೊಳಗೆ ನಿಮ್ಮ ಬ್ಯಾಟರಿ ಸತ್ತಿರುತ್ತದೆ. ನಿಶ್ಚಿಂತೆಯಿಂದಿರಿ.

ದಾವಣಗೆರೆ_ಮೆಕ್ಯಾನಿಕಲ್

ಹೆದರಿಕೆಗೂ ನಿಶ್ಚಿಂತೆಗೂ ಮೊದಲು ಸ್ವಲ್ಪ ಲೆಕ್ಕ ಮಾಡೋಣ. 249 ಗ್ರಾಮನ್ನು ನಾಲ್ಕು ತೋಳುಗಳಿಗೆ ಹಂಚಿದರೆ ನಿಂತಲ್ಲೇ ತೇಲುವಾಗ ಒಂದೊಂದರ ತುದಿಗೆ ಬೀಳುವುದು ಸುಮಾರು 62 ಗ್ರಾಂ, ಅಂದರೆ 0.6 ನ್ಯೂಟನ್. ತೋಳು 10 ಸೆಂಟಿಮೀಟರ್ ಉದ್ದವಿದೆ, 12 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಎತ್ತರದ ಟೊಳ್ಳು ಪೆಟ್ಟಿಗೆಯಂತಿದೆ, ಗೋಡೆಯ ದಪ್ಪ 1 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ತೋಳಿನ ಬುಡದಲ್ಲಿ ಬರುವ ಬಾಗುವಿಕೆಯ ಒತ್ತಡ ಸುಮಾರು 0.7 ಮೆಗಾಪಾಸ್ಕಲ್. ಸಾಧಾರಣ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಮುರಿಯಲು 60ಕ್ಕೂ ಹೆಚ್ಚು ಮೆಗಾಪಾಸ್ಕಲ್ ಬೇಕು. ನೀವು ಅದರ ನೂರನೇ ಒಂದು ಭಾಗದ ಆಸುಪಾಸಿನಲ್ಲಿದ್ದೀರಿ. ಪೂರ್ತಿ ವೇಗದಲ್ಲಿ ಮೇಲೇರಿಸಿ ಭಾರ ಇಮ್ಮಡಿಯಾದರೂ ಒತ್ತಡ 1.5 ಮೆಗಾಪಾಸ್ಕಲ್ ದಾಟುವುದಿಲ್ಲ.

ಇನ್ನು ಬಳುಕಿನ ವಿಷಯ. ಇದೇ ತೋಳು ಹಾರಾಟದಲ್ಲಿ ಬಾಗುವುದು ಸುಮಾರು ಕಾಲು ಮಿಲಿಮೀಟರ್. ನೀವು ಬೆರಳಿನಲ್ಲಿ ಅರ್ಧ ಕಿಲೋದಷ್ಟು ಬಲ ಹಾಕಿದರೆ ಅದು ಹಾರಾಟದ ಭಾರದ ಎಂಟು ಪಟ್ಟು, ಆಗ ತುದಿ ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿಯುತ್ತದೆ. ಕಣ್ಣಿಗೆ ಕಾಣುವುದರಲ್ಲಿ ಆಶ್ಚರ್ಯವೇನಿದೆ? ಹೊಸ ಡ್ರೋನನ್ನು ಒತ್ತಿದರೂ ಅಷ್ಟೇ ಬಳುಕುತ್ತದೆ. ಆ ಅಂಗಡಿಯವರು ಹೊಸದೊಂದನ್ನು ಪಕ್ಕದಲ್ಲಿಟ್ಟು ಒತ್ತಿ ತೋರಿಸಿದರೇ?

ಕಲ್ಯಾಣಮಂಟಪ_ಕ್ಯಾಮೆರಾ

ಇಲ್ಲ, ಹೊಸದು ಅವರ ಬಳಿಯೂ ಇರಲಿಲ್ಲ.

ಪಾಲಿಮರ್_ಪಾಠ

ದಾವಣಗೆರೆಯವರ ಲೆಕ್ಕದಲ್ಲಿ ಅಂಕಗಣಿತ ಸರಿಯಿದೆ, ಹೋಲಿಕೆ ಸರಿಯಿಲ್ಲ. ಫೆಟೀಗ್ ಬಗ್ಗೆ ಕೇಳಿದಾಗ ಒಂದೇ ಎಳೆತಕ್ಕೆ ಮುರಿಯುವ ಬಲದ ಅಂಕಿಯನ್ನು ಮುಂದಿಡುವುದು ನ್ಯಾಯವಲ್ಲ. ಗಾಜಿನೆಳೆ ಸೇರಿಸದ ಪಾಲಿಕಾರ್ಬೊನೇಟ್ ಏಟು ತಡೆಯುವುದರಲ್ಲಿ ಎಷ್ಟು ಗಟ್ಟಿಯೋ ಫೆಟೀಗ್ ವಿಷಯದಲ್ಲಿ ಅಷ್ಟೇ ದುರ್ಬಲ. ಹತ್ತಾರು ಲಕ್ಷ ಆವರ್ತನಗಳನ್ನು, ಅಂದರೆ ಭಾರದ ಏರಿಳಿತಗಳನ್ನು, ಸಹಿಸಬೇಕಾದರೆ ಅದರ ಮೇಲೆ ಹೇರಬಹುದಾದ ಒತ್ತಡ ಆ 60ರ ಸುಮಾರು ಹತ್ತನೇ ಒಂದು ಭಾಗ, ಅಂದರೆ 6-7 ಮೆಗಾಪಾಸ್ಕಲ್. ಮುಂದಕ್ಕೆ ಹೋಗಿ. ಎಳೆತಕ್ಕೆ ಸಿಕ್ಕ ಹಲಗೆಯಲ್ಲಿ ಒಂದು ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ ಎಂಬುದು ಪಠ್ಯಪುಸ್ತಕದ ಪಾಠ. ಚೂಪು ಮೂಲೆಯಿದ್ದರೆ ಇನ್ನೂ ಹೆಚ್ಚು. ನಿಮ್ಮ 1.5ನ್ನು ಮೂರರಿಂದ ಗುಣಿಸಿ 4.5 ಮಾಡಿ, 6-7ರ ಪಕ್ಕದಲ್ಲಿಡಿ. ನೂರು ಪಟ್ಟಿದ್ದ ಅಂತರ ಒಂದೂವರೆ ಪಟ್ಟಿಗೆ ಇಳಿಯಿತು.

ನನ್ನ ಕೆಲಸ ಇಂಜೆಕ್ಷನ್ ಅಚ್ಚುಗಳದು. ಅಚ್ಚಿನ ಒಳಮೂಲೆಯಲ್ಲಿ ಅರ್ಧ ಮಿಲಿಮೀಟರ್ ದುಂಡಗೆ ತಿರುವು ಕೊಡದೆ ಚೌಕ ಬಿಟ್ಟರೆ ಆ ಭಾಗ ಎಲ್ಲಿ ಬಿರುಕು ಬಿಡುತ್ತದೆಂದು ಡ್ರಾಯಿಂಗ್ ನೋಡಿಯೇ ಹೇಳಬಹುದು.

ದಾವಣಗೆರೆ_ಮೆಕ್ಯಾನಿಕಲ್

ಒಪ್ಪುತ್ತೇನೆ, ಆದರೆ ಪೂರ್ತಿ ವೇಗದ ಭಾರವನ್ನು ನೀವು ಲಕ್ಷಾಂತರ ಸಲ ಬರುವ ಭಾರವೆಂದು ಹಿಡಿದಿರಿ. ಮದುವೆಯ ಚಿತ್ರೀಕರಣದಲ್ಲಿ ಡ್ರೋನು ಹೆಚ್ಚಿನ ಹೊತ್ತು ನಿಂತಲ್ಲೇ ತೇಲುತ್ತದೆ ಇಲ್ಲವೇ ನಿಧಾನವಾಗಿ ಸರಿಯುತ್ತದೆ. ಸ್ಥಿರವಾಗಿ ನಿಂತ ಭಾರದಿಂದ ಫೆಟೀಗ್ ಬರುವುದಿಲ್ಲ, ಏರಿಳಿಯುವ ಭಾರದಿಂದ ಬರುತ್ತದೆ. ಏರಿ ಇಳಿಯುವ ಒಂದು ದೊಡ್ಡ ಆವರ್ತನ ಹಾರಾಟಕ್ಕೆ ಒಂದೇ. ಮೇಲಾಗಿ ಈಗಿನ ಬಹುತೇಕ ತೋಳುಗಳಲ್ಲಿ ಗಾಜಿನೆಳೆ ಸೇರಿದ ನೈಲಾನಿನಂಥ ವಸ್ತುಗಳಿರುತ್ತವೆ. ಅವು ಬರಿಯ ಪಾಲಿಕಾರ್ಬೊನೇಟಿಗಿಂತ ಎಷ್ಟೋ ಪಾಲು ಹೆಚ್ಚು ತಾಳುತ್ತವೆ.

ಐದಿಂಚು_ರೇಸರ್

ಇಬ್ಬರೂ ಮೋಟಾರನ್ನೇ ಮರೆತಿರಿ. ಏರಿಳಿಯುವ ಭಾರ ಬರುವುದು ಅಲ್ಲಿಂದ. ಲೆಕ್ಕ ಸುಲಭವಾಗಲೆಂದು ಮೋಟಾರು ನಿಮಿಷಕ್ಕೆ 6000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 100, ಗಂಟೆಗೆ 3.6 ಲಕ್ಷ, 100 ಗಂಟೆಗೆ 3.6 ಕೋಟಿ. 100 ಗಂಟೆಯೆಂದರೆ ಅರ್ಧ ಗಂಟೆಯ 200 ಹಾರಾಟ, ಮದುವೆಯವರಿಗೆ ಅದೇನೂ ದೊಡ್ಡದಲ್ಲ.

ಈಗ ಪ್ರೊಪೆಲರಿನ ಒಂದು ರೆಕ್ಕೆಯ ಅಂಚು ಎಲ್ಲೋ ತಗುಲಿ ಚೂರು ಹಾರಿದೆ ಎನ್ನಿ. 30 ಮಿಲಿಮೀಟರ್ ದೂರದಲ್ಲಿ 0.05 ಗ್ರಾಂ ವ್ಯತ್ಯಾಸ, ಅಷ್ಟೇ. 6000 ಸುತ್ತಿನಲ್ಲಿ ಆ ಚೂರಿನ ಕೊರತೆಯಿಂದ ಹುಟ್ಟುವ, ಹೊರಕ್ಕೆ ಸೆಳೆಯುವ ಬಲ ಸುಮಾರು 0.6 ನ್ಯೂಟನ್. ದಾವಣಗೆರೆಯವರು ಹೇಳಿದ ಇಡೀ ತೋಳಿನ ಭಾರದಷ್ಟೇ ಆಯಿತು! ಅದು ಅಡ್ಡಡ್ಡಲಾಗಿ, ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತ ತೋಳನ್ನು ಅಲುಗಾಡಿಸುತ್ತದೆ. ಚಿಕ್ಕ ಪ್ರೊಪೆಲರುಗಳು ಇನ್ನೂ ವೇಗವಾಗಿ ತಿರುಗುವುದುಂಟು. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 9000 ಸುತ್ತಿನಲ್ಲಿ ಅದೇ ಚೂರು ಎರಡೂಕಾಲು ಪಟ್ಟು ಕಾಟ ಕೊಡುತ್ತದೆ. ಅಂಚು ಹಾರಿದ ಪ್ರೊಪೆಲರನ್ನು ಇನ್ನೊಂದು ಸಮಾರಂಭಕ್ಕೆ ನಡೆಯುತ್ತದೆ ಎಂದು ಬಿಡುವವರು ತೋಳಿನ ಫೆಟೀಗ್ ಬಗ್ಗೆ ಮಾತನಾಡಬಾರದು.

ಬೆಸುಗೆ_ಬೆಂಚು

ಕೊನೆಯ ವಾಕ್ಯವನ್ನು ಚೌಕಟ್ಟು ಹಾಕಿಸಿ ನನ್ನ ಅಂಗಡಿಯಲ್ಲಿ ತೂಗುಹಾಕುತ್ತೇನೆ.

ಬಾಲ್ಸಾ_ಕಾಲದವ

ಫೆಟೀಗ್ ಎಂದೊಡನೆ ನನ್ನ ಪೀಳಿಗೆಯವರಿಗೆ ನೆನಪಾಗುವುದು ಕಾಮೆಟ್. 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು ಕಾಮೆಟ್ ಜೆಟ್ ವಿಮಾನ ಇಟಲಿಯ ಸುತ್ತಲಿನ ಸಮುದ್ರದ ಮೇಲೆ ಗಾಳಿಯಲ್ಲೇ ಒಡೆದುಹೋದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಒಂದು ವಿಮಾನದ ದೇಹವನ್ನೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಪದೇ ಪದೇ ಒತ್ತಡ ಏರಿಸಿ ಇಳಿಸಿ ಪರೀಕ್ಷಿಸಿದಾಗ ತೆರಪಿನ ಮೂಲೆಯಲ್ಲಿ ಬಿರುಕು ಹುಟ್ಟುವುದು ಕಂಡಿತು. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಜರ್ಮನಿಯ ಅಗಸ್ಟ್ ವೋಲರ್ ರೈಲುಗಾಲಿಗಳ ಅಚ್ಚುಗಳ (ಆಕ್ಸಲ್) ಮೇಲೆ ಇದನ್ನೇ ಅಧ್ಯಯನ ಮಾಡಿದ್ದರು. ನಮ್ಮ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆಯಾದ ಎನ್‌ಎಎಲ್‌ನಲ್ಲಿಯೂ ವಿಮಾನದ ರಚನೆಗಳನ್ನು ಹೀಗೆ ಕೃತಕವಾಗಿ ದಣಿಸಿ ನೋಡುವ ಪರೀಕ್ಷಾಲಯವಿದೆ. ಉಕ್ಕಿಗೆ ಒಂದು ಮಿತಿಯಿದೆ, ಅದಕ್ಕಿಂತ ಕಡಿಮೆ ಒತ್ತಡವಾದರೆ ಎಷ್ಟು ಸಲ ಅಲುಗಾಡಿಸಿದರೂ ಬಾಳುತ್ತದೆ. ಅಲ್ಯುಮಿನಿಯಮಿಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಚಿಕ್ಕದೆಂದು ಯಾವ ವಸ್ತುವಿಗೂ ರಿಯಾಯಿತಿ ಸಿಗುವುದಿಲ್ಲ.

ದಾವಣಗೆರೆ_ಮೆಕ್ಯಾನಿಕಲ್

ಹಿರಿಯರೇ, ಇತಿಹಾಸ ಚೆನ್ನಾಗಿದೆ, ಆದರೆ ಕಾಮೆಟ್ಟಿನ ಹೊದಿಕೆ ಪ್ರತಿ ಹಾರಾಟದಲ್ಲೂ ತನ್ನ ಶಕ್ತಿಯ ಬಹುಪಾಲನ್ನು ಖರ್ಚು ಮಾಡುತ್ತಿತ್ತು. ಡ್ರೋನಿನ ತೋಳಿನ ದಪ್ಪವನ್ನು ನಿರ್ಧರಿಸುವುದು ಹಾರಾಟದ ಭಾರವಲ್ಲ. ಒಂದು ಮಿಲಿಮೀಟರಿಗಿಂತ ಬಹಳ ತೆಳ್ಳಗೆ ಅಚ್ಚು ಹೊಯ್ಯುವುದು ಕಷ್ಟ, ಹುಲ್ಲಿನ ಮೇಲೆ ಬಿದ್ದರೆ ಮುರಿಯಬಾರದು, ಬಳುಕಿನಿಂದ ನಿಯಂತ್ರಣ ಕೆಡಬಾರದು. ಇವುಗಳಿಂದ ದಪ್ಪ ನಿರ್ಧಾರವಾಗುತ್ತದೆ. ಆದ್ದರಿಂದ ಹಾರಾಟದ ಮಟ್ಟಿಗೆ ತೋಳು ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಇರುತ್ತದೆ.

ಜನ ಕೊಂಡ ಡ್ರೋನುಗಳಲ್ಲಿ ಸುದ್ದಿಯಾದ ದೊಡ್ಡ ವೈಫಲ್ಯಗಳನ್ನೂ ನೋಡಿ. 2016ರ ನವೆಂಬರಿನಲ್ಲಿ ಗೋಪ್ರೊ ತನ್ನ ಕರ್ಮಾ ಡ್ರೋನುಗಳನ್ನೆಲ್ಲ, ಸುಮಾರು 2500, ವಾಪಸ್ ಕರೆಸಿಕೊಂಡಿತು. ಹಾರುವಾಗಲೇ ವಿದ್ಯುತ್ ಕಡಿದುಹೋಗುತ್ತಿತ್ತು, ಕಾರಣ ಬ್ಯಾಟರಿಯನ್ನು ಹಿಡಿದಿಡುವ ಕೊಂಡಿ. 2018ರಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಡಿಜೆಐನ ಮ್ಯಾಟ್ರಿಸ್ 200 ಸರಣಿಯ ಬಗ್ಗೆ ಎಚ್ಚರಿಕೆ ಕೊಟ್ಟದ್ದೂ ಬ್ಯಾಟರಿಯ ವಿದ್ಯುತ್ ತಟ್ಟನೆ ನಿಂತುಹೋಗುವ ಬಗ್ಗೆಯೇ. ಚೌಕಟ್ಟು ದಣಿದು ಮುರಿಯಿತೆಂದು ಹಾಗೆ ವಾಪಸ್ ಕರೆಸಿದ್ದನ್ನು ಯಾರಾದರೂ ತೋರಿಸಿ.

ಐದಿಂಚು_ರೇಸರ್

ಕೊಂಡಿ ಸಡಿಲವಾಗುವುದಕ್ಕೂ ಕಂಪನಕ್ಕೂ ಸಂಬಂಧವಿಲ್ಲವೆಂದು ನೀವು ವಾದಿಸುವುದಾದರೆ ನನಗೆ ಹೇಳುವುದಕ್ಕೆ ಏನೂ ಇಲ್ಲ.

ದಾವಣಗೆರೆ_ಮೆಕ್ಯಾನಿಕಲ್

ಸಂಬಂಧವಿರಬಹುದು, ಆದರೆ ಅದು ಫೆಟೀಗ್ ಅಲ್ಲ. ಈ ಚರ್ಚೆಯಲ್ಲಿ ನಮಗೆ ಬೇಕಾಗಿರುವುದೇ ಈ ವಿಂಗಡಣೆ. ಬಳುಕು ಬೇರೆ, ಕಂಪನ ಬೇರೆ, ಫೆಟೀಗ್ ಬೇರೆ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಮಾರುತ್ತಿರುವುದು ಆ ಅಂಗಡಿಯವರು.

ಸುಮ್ಮನೆ_ಓದುವವಳು

ಬಿದಿರು ಬಳುಕುತ್ತದೆ, ಮುರಿಯುವುದಿಲ್ಲ. ತೋಳು ಬಳುಕುವುದು ಒಳ್ಳೆಯದೇ ಅಲ್ಲವೇ? ಬಿದ್ದಾಗ ಏಟನ್ನು ಹೀರಿಕೊಳ್ಳುತ್ತದೆಯಲ್ಲ.

ಐದಿಂಚು_ರೇಸರ್

ಬೀಳುವಾಗ ಒಳ್ಳೆಯದು, ಹಾರುವಾಗ ಅಲ್ಲ. ನಾವು ಕೈಯಾರೆ ಕಟ್ಟುವ, ಐದಿಂಚು ಪ್ರೊಪೆಲರಿನ ಡ್ರೋನುಗಳಲ್ಲಿ ಮೊದಲು 4 ಮಿಲಿಮೀಟರ್ ದಪ್ಪದ ಕಾರ್ಬನ್ ತೋಳುಗಳು ಸಾಮಾನ್ಯವಾಗಿದ್ದವು, ಈಗ 5-6ಕ್ಕೆ ಬಂದಿವೆ. ಬರಿಯ ಮುರಿತ ತಪ್ಪಿಸುವುದಕ್ಕಷ್ಟೇ ಅಲ್ಲ. ಹಲಗೆಯ ದಪ್ಪ ಇಮ್ಮಡಿಸಿದರೆ ಬಿಗುವು ಎಂಟು ಪಟ್ಟಾಗುತ್ತದೆ, ಸಹಜ ಕಂಪನ (ತಟ್ಟಿದರೆ ತೋಳು ತಾನಾಗಿ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೋ ಅದು) ಮೇಲಕ್ಕೆ ಸರಿಯುತ್ತದೆ. ತೋಳು ಮೆತ್ತಗಿದ್ದರೆ ಅದರ ಕಂಪನ, ಡ್ರೋನಿನ ತಿರುಗುವಿಕೆಯನ್ನು ಅಳೆಯುವ ಜೈರೋವಿನ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಡ್ರೋನು ನಿಜವಾಗಿಯೂ ವಾಲಿತೋ, ಬರಿಯ ತೋಳು ನಡುಗಿತೋ ಎಂಬುದು ನಿಯಂತ್ರಕಕ್ಕೆ ತಿಳಿಯುವುದಿಲ್ಲ. ಅದು ನಡುಕವನ್ನೇ ತಿದ್ದಲು ಹೋಗಿ ಮೋಟಾರನ್ನು ಸೆಕೆಂಡಿಗೆ ನೂರಾರು ಸಲ ಜಗ್ಗುತ್ತದೆ, ಇಳಿಸಿ ಮುಟ್ಟಿದರೆ ಮೋಟಾರು ಸುಡುತ್ತಿರುತ್ತದೆ. ಇದನ್ನು ಸೋಸಲೆಂದೇ ಬೀಟಾಫ್ಲೈಟ್ ಎಂಬ ಹಾರಾಟ ನಿಯಂತ್ರಣ ತಂತ್ರಾಂಶದಲ್ಲಿ 2019ರಿಂದ ಮೋಟಾರಿನ ವೇಗವನ್ನೇ ಹಿಂಬಾಲಿಸುವ ಫಿಲ್ಟರುಗಳು ಬಂದವು. ಅಂಥದೇ ಇನ್ನೊಂದು ತಂತ್ರಾಂಶವಾದ ಆರ್ಡುಪೈಲಟ್ ಬಳಸುವವರು ಲಾಗ್ ಕಡತದಲ್ಲಿ ಕಂಪನದ ಅಂಕಿ ನೋಡಬಹುದು: ಸೆಕೆಂಡಿನ ವರ್ಗಕ್ಕೆ 30 ಮೀಟರಿನೊಳಗಿದ್ದರೆ ಚಿಂತೆಯಿಲ್ಲ, 60 ದಾಟಿದರೆ ತೊಂದರೆ ಖಚಿತವೆಂದೇ ಅವರ ಮಾರ್ಗದರ್ಶಿ ಹೇಳುತ್ತದೆ.

ತಿರುಚುವ ಬಳುಕು ಇನ್ನೂ ಕೆಟ್ಟದ್ದು. ನಾಲ್ಕು ಪ್ರೊಪೆಲರಿನ ಡ್ರೋನು ತನ್ನ ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು ಪ್ರೊಪೆಲರುಗಳ ಪ್ರತಿತಿರುಚಿನಿಂದ, ಅದು ಮೊದಲೇ ದುರ್ಬಲ. ತೋಳು ಒಂದು ಡಿಗ್ರಿ ತಿರುಚಿದರೂ ಆ ಮೋಟಾರಿನ ಎತ್ತುಬಲದ ನೂರಕ್ಕೆ ಸುಮಾರು 1.7ರಷ್ಟು ಅಡ್ಡಕ್ಕೆ ವಾಲುತ್ತದೆ, ತೋಳಿನ ಉದ್ದ ಅದಕ್ಕೆ ಸನ್ನೆಕೋಲಾಗುತ್ತದೆ. ನಿಂತಲ್ಲೇ ಮೂತಿ ನಿಧಾನವಾಗಿ ಸರಿಯುತ್ತಿದ್ದರೆ, ಮಡಚುವ ಕೀಲು ಸವೆದಿದೆಯೇ ಎಂದು ಮೊದಲು ನೋಡಿ.

ಕಲ್ಯಾಣಮಂಟಪ_ಕ್ಯಾಮೆರಾ

ಮೂತಿ ಸರಿಯುವುದಿಲ್ಲ. ಆದರೆ ಬಿಸಿಲಿನಲ್ಲಿ ತೆಗೆದ ಕೆಲವು ವಿಡಿಯೊಗಳಲ್ಲಿ ಕಂಬ, ಗೋಡೆಗಳ ಅಂಚು ಜೆಲ್ಲಿಯಂತೆ ಅದುರುತ್ತದೆ. ಅದಕ್ಕೂ ತೋಳಿಗೂ ಸಂಬಂಧವಿದೆಯೇ?

ಬೆಸುಗೆ_ಬೆಂಚು

ಇರಬಹುದು, ಆದರೆ ಅಗ್ಗದ ಕಾರಣಗಳನ್ನು ಮೊದಲು ಹುಡುಕಿ. ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿಯುವ ಗಿಂಬಲಿನ ಮೋಟಾರುಗಳು ನಿಧಾನವಾದ ವಾಲಾಟವನ್ನು ಮಾತ್ರ ತಿದ್ದುತ್ತವೆ. ಸೆಕೆಂಡಿಗೆ ನೂರರ ಆಸುಪಾಸಿನ ನಡುಕವನ್ನು ತಡೆಯಬೇಕಾದದ್ದು ಗಿಂಬಲನ್ನು ದೇಹಕ್ಕೆ ತೂಗುಹಾಕಿರುವ ಪುಟ್ಟ ರಬ್ಬರುಗಳು. ಅವುಗಳಲ್ಲಿ ಒಂದು ಕಳಚಿದ್ದರೂ, ಗಟ್ಟಿಯಾಗಿದ್ದರೂ ಸಾಕು. ಸಂವೇದಕ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಒಂದು ಚಿತ್ರ (ಫ್ರೇಮ್) ಮುಗಿಯುವುದರೊಳಗೆ ಕ್ಯಾಮೆರಾ ಅಲುಗಾಡಿರುತ್ತದೆ, ಆಗ ಗೆರೆಗಳು ಡೊಂಕಾಗುತ್ತವೆ. ಬಿಸಿಲಿನಲ್ಲಿ ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಹೋದಾಗ ಅದು ಎದ್ದು ಕಾಣುತ್ತದೆ. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಹಾಕಿ 50ರ ಒಂದು ಭಾಗಕ್ಕೆ ಇಳಿಸಿದರೆ ಮಸುಕಿನಲ್ಲಿ ಮುಚ್ಚಿಹೋಗುತ್ತದೆ. ಮುಚ್ಚಿಹೋಗುತ್ತದೆ ಅಷ್ಟೇ, ವಾಸಿಯಾಗುವುದಿಲ್ಲ. ಕ್ರಮ ಹೀಗಿರಲಿ: ಮೊದಲು ಪ್ರೊಪೆಲರ್, ಆಮೇಲೆ ರಬ್ಬರು, ಆಮೇಲೆ ಮೋಟಾರಿನ ಬೇರಿಂಗು. ತೋಳಿನ ಸರದಿ ಇವೆಲ್ಲ ಮುಗಿದ ಮೇಲೆ.

ಫೆಟೀಗಿನ ಬಗ್ಗೆ ಇಷ್ಟು ಮಾತಾಯಿತು, ನಿಜವಾಗಿಯೂ ಅದರಿಂದಲೇ ಸಾಯುವ ಭಾಗದ ಹೆಸರನ್ನು ಒಬ್ಬರೂ ಹೇಳಲಿಲ್ಲ. ನನ್ನ ಬೆಂಚಿಗೆ ಬರುವ ಡ್ರೋನುಗಳಲ್ಲಿ ಪದೇ ಪದೇ ಬಾಗಿ ಬಾಗಿ ಸತ್ತ ಭಾಗವೆಂದರೆ ಗಿಂಬಲಿನ ರಿಬ್ಬನ್ ಕೇಬಲ್ಲು, ಅದರ ನಂತರ ಕೀಲಿನೊಳಗೆ ಹಾದುಹೋಗುವ ಮೋಟಾರಿನ ತಂತಿ. ಪ್ರತಿ ಸಲ ತೋಳು ಮಡಚಿದಾಗಲೂ ಆ ತಾಮ್ರ ಬಾಗುತ್ತದೆ. ಐದು ಮಿಲಿಮೀಟರ್ ತ್ರಿಜ್ಯದಲ್ಲಿ ಬಾಗುವ 0.08 ಮಿಲಿಮೀಟರ್ ಎಳೆಗೆ ಬರುವ ಹಿಗ್ಗು ನೂರಕ್ಕೆ 0.8, ಅದೇ ಜಾಗದಲ್ಲಿ 0.5 ಮಿಲಿಮೀಟರಿನ ಒಂಟಿ ತಂತಿ ಹಾಕಿದರೆ ನೂರಕ್ಕೆ 5. ಸೂಕ್ಷ್ಮ ಎಳೆಗಳ ತಂತಿಯ ಬದಲು ಕೈಗೆ ಸಿಕ್ಕ ದಪ್ಪ ತಂತಿ ಹಾಕಿ ಬೆಸೆಯುವ ರಿಪೇರಿಯವರು ನಿಮ್ಮ ಡ್ರೋನಿನ ಆಯಸ್ಸನ್ನು ತೋಳಿಗಿಂತ ಬೇಗ ಮುಗಿಸುತ್ತಾರೆ.

ಮಲ್ಪೆ_ಮುಂಜಾವು

ಕರಾವಳಿಯವರ ಲೆಕ್ಕ ಬೇರೆ. ಇಲ್ಲಿ ಬಿರುಕಿಗಿಂತ ಮೊದಲು ಉಪ್ಪು ಬರುತ್ತದೆ. ಡಿಜೆಐ ಫ್ಯಾಂಟಮ್ 4 ಬಂದಾಗ ಒಳಗೆ ಮೆಗ್ನೀಸಿಯಮ್ ಮಿಶ್ರಲೋಹದ ಚೌಕಟ್ಟು ಇದೆಯೆಂದು ಹೊಗಳುತ್ತಿದ್ದರು. ಅಲ್ಯುಮಿನಿಯಮಿನ ಸಾಂದ್ರತೆ 2.7, ಮೆಗ್ನೀಸಿಯಮಿನದು 1.8ರ ಹತ್ತಿರ, ಕಂಪನ ಹೀರುವುದರಲ್ಲಿಯೂ ಅದು ಮೇಲು. ಆದರೆ ಉಪ್ಪಿನ ಗಾಳಿಯಲ್ಲಿ ಬಣ್ಣ ಕಿತ್ತ ಜಾಗದಲ್ಲಿ, ಅದರಲ್ಲೂ ಉಕ್ಕಿನ ಸ್ಕ್ರೂ ತಾಗುವ ಕಡೆ, ಅದು ಬೇಗ ಕೊರೆದುಹೋಗುತ್ತದೆ. ಹಾಗೆ ಬಿದ್ದ ಪ್ರತಿ ಗುಂಡಿಯೂ ಬಿರುಕು ಹುಟ್ಟುವುದಕ್ಕೆ ಸಿದ್ಧವಾದ ಜಾಗ. ಬೀಚಿನಲ್ಲಿ ಹಾರಿಸಿದ ಮೇಲೆ ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಮೈ ಒರೆಸಿ ಇಡುವುದು ನನ್ನ ಪದ್ಧತಿ.

ನೈಲಾನಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ನನ್ನ ಡ್ರೋನಿನ ತೋಳುಗಳು ಬೇಸಿಗೆಗಿಂತ ಮೆತ್ತಗಾದಂತೆ ತೋರುತ್ತವೆ. ಇದು ನನ್ನ ಭ್ರಮೆಯೇ?

ಪಾಲಿಮರ್_ಪಾಠ

ನಿಮ್ಮ ತೋಳು ನೈಲಾನಿನದಾಗಿದ್ದರೆ ಭ್ರಮೆಯಲ್ಲ. ನೈಲಾನ್ ಗಾಳಿಯ ತೇವವನ್ನು ಹೀರುತ್ತದೆ. ಸಾಧಾರಣ ತೇವಾಂಶದಲ್ಲಿ ನೈಲಾನ್ 6 ತನ್ನ ತೂಕದ ನೂರಕ್ಕೆ ಎರಡೂವರೆಯಿಂದ ಮೂರರಷ್ಟು, ನೀರಿನಲ್ಲೇ ನೆನೆಸಿಟ್ಟರೆ ಒಂಬತ್ತರ ಹತ್ತಿರ ನೀರು ಕುಡಿಯುತ್ತದೆ. ನೀರು ಕುಡಿದದ್ದು ಮೆತ್ತಗಾಗುತ್ತದೆ, ಆದರೆ ಏಟಿಗೆ ಬೇಗ ಒಡೆಯುವುದಿಲ್ಲ. ಒಣಗಿದ್ದು ಬಿಗಿ, ಆದರೆ ಪೆಡಸು. ಆದ್ದರಿಂದ ಬಳುಕು ಹೆಚ್ಚಾಯಿತು ಎಂಬ ಒಂದೇ ಕಾರಣಕ್ಕೆ ವಯಸ್ಸಾಯಿತು ಎನ್ನುವಂತಿಲ್ಲ.

ಈ ಚರ್ಚೆಯಲ್ಲಿ ಇನ್ನೂ ಬಾರದ ಮುಖ್ಯ ಖಳನೆಂದರೆ ಸ್ಕ್ರೂ. ಮೋಟಾರಿನ ಬುಡದ ಸ್ಕ್ರೂ ರಂಧ್ರಗಳ ಸುತ್ತ ಕಾಣುವ ಕೂದಲೆಳೆಯ ಬಿರುಕುಗಳನ್ನು ಎಲ್ಲರೂ ಫೆಟೀಗ್ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವುಗಳಲ್ಲಿ ಹೆಚ್ಚಿನವು ಹಾರಾಟದಿಂದ ಬಂದವೇ ಅಲ್ಲ. ಪ್ಲಾಸ್ಟಿಕ್ಕಿಗೆ ನೇರವಾಗಿ ಕೊರೆಯುವ ಸ್ಕ್ರೂವನ್ನು ಅತಿಯಾಗಿ ಬಿಗಿದರೆ ರಂಧ್ರದ ಗೋಡೆ ಹಗಲೂ ರಾತ್ರಿ ಹಿಗ್ಗಿದ ಸ್ಥಿತಿಯಲ್ಲೇ ಇರುತ್ತದೆ, ಡ್ರೋನು ಪೆಟ್ಟಿಗೆಯಲ್ಲಿದ್ದರೂ ಸರಿ. ಅದಕ್ಕೆ ರಾಸಾಯನಿಕವೊಂದು ತಗುಲಿದರೆ ಮುಗಿಯಿತು. ಸ್ಕ್ರೂ ಸಡಿಲವಾಗದಿರಲೆಂದು ಹಾಕುವ ನೀಲಿ ಬಣ್ಣದ ಥ್ರೆಡ್‌ಲಾಕರ್ ಲೋಹಕ್ಕೆ ಲೋಹ ಸೇರುವ ಕಡೆಗಾಗಿ ಮಾಡಿದ್ದು. ಪಾಲಿಕಾರ್ಬೊನೇಟ್, ಎಬಿಎಸ್‌ಗಳ ಮೇಲೆ ಅದು ಹರಿದರೆ, ಒತ್ತಡದಲ್ಲಿರುವ ಜಾಗ ಕೆಲವೇ ಗಂಟೆಗಳಲ್ಲಿ ಬಿರುಕು ಬಿಡಬಹುದು. ಕೆಲವು ದ್ರಾವಕಗಳಿಂದಲೂ, ಪೆಟ್ರೋಲಿನಿಂದ ಒರೆಸಿದರೂ ಇದೇ ಗತಿ.

ಬೆಸುಗೆ_ಬೆಂಚು

ಇದನ್ನು ನಾನೂ ಕಂಡಿದ್ದೇನೆ. ಒಮ್ಮೆಯೂ ನೆಲಕ್ಕೆ ಬೀಳದ, ಹೆಚ್ಚು ಹಾರದ ಡ್ರೋನಿನಲ್ಲಿ ನಾಲ್ಕೂ ಮೋಟಾರಿನ ಬುಡ ಬಿರುಕು ಬಿಟ್ಟಿತ್ತು. ಅದರ ಮಾಲೀಕರು ಬಹಳ ಶಿಸ್ತಿನ ಮನುಷ್ಯರು, ಪ್ರತಿ ಸಲವೂ ಎಲ್ಲ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಯುತ್ತಿದ್ದರಂತೆ!

ಮ್ಯೂನಿಕ್_ಮೈಸೂರು

ಹಾಗಾದರೆ ತೋಳಿನ ಕೆಳಗೆ ತೆಳುವಾದ ಕಾರ್ಬನ್ ಕಡ್ಡಿಯೊಂದನ್ನು ಅಂಟಿಸಿ ಬಿಗಿ ಮಾಡಿದರೆ ಆಗದೇ? ಇಲ್ಲಿ ಕೆಲವರು ಹಾಗೆ ಮಾಡುತ್ತಾರೆ.

ದಾವಣಗೆರೆ_ಮೆಕ್ಯಾನಿಕಲ್

ದಯವಿಟ್ಟು ಬೇಡ, ಕಾರಣ ಕೇಳಿ. ನಾನು ಮೇಲೆ ಹಿಡಿದ ತೋಳಿನ ತುದಿಯಲ್ಲಿ 12 ಗ್ರಾಮಿನ ಮೋಟಾರು ಇದೆ ಎಂದುಕೊಂಡರೆ ಸಹಜ ಕಂಪನ ಸೆಕೆಂಡಿಗೆ 70ರ ಸುಮಾರು ಬರುತ್ತದೆ. ಮೋಟಾರು 100ರಲ್ಲಿ ತಿರುಗುತ್ತಿರುವುದರಿಂದ ಹಾರಾಟ ಆ ಅಪಾಯದ ಬಿಂದುವಿಗಿಂತ ಮೇಲೆ ನಡೆಯುತ್ತದೆ, ಮೋಟಾರು ಶುರುವಾಗುವಾಗ ಮತ್ತು ನಿಲ್ಲುವಾಗ ಮಾತ್ರ ಅದನ್ನು ದಾಟುತ್ತದೆ. ಕಡ್ಡಿ ಅಂಟಿಸಿ ಬಿಗುವನ್ನು ಇಮ್ಮಡಿ ಮಾಡಿದಿರಿ ಎನ್ನಿ. ಸಹಜ ಕಂಪನ ಎರಡರ ವರ್ಗಮೂಲದಷ್ಟು, ಅಂದರೆ 1.4 ಪಟ್ಟು ಏರಿ ಸರಿಯಾಗಿ 99ಕ್ಕೆ ಹೋಗಿ ಕೂರುತ್ತದೆ. ಮೋಟಾರು 100. ಬಿಗಿ ಮಾಡಲು ಹೋಗಿ ಅನುರಣನವನ್ನೇ (ಎರಡು ಕಂಪನಗಳು ಹೊಂದಿಕೊಂಡು ನಡುಕ ವಿಪರೀತವಾಗುವುದನ್ನು) ಮನೆಗೆ ಕರೆದಂತಾಯಿತು. ನನ್ನ ಅಂಕಿಗಳು ಕಲ್ಪಿತ, ನಿಮ್ಮ ಡ್ರೋನಿನವು ಬೇರೆ ಇರುತ್ತವೆ. ಆದರೆ ತಯಾರಕರು ಅಳೆದು ಇಟ್ಟ ಅಂತರವನ್ನು ಅಳೆಯದೆ ಬದಲಿಸಬಾರದು.

ಮ್ಯೂನಿಕ್_ಮೈಸೂರು

ಒಪ್ಪಿದೆ. ತೂಕದ ತೊಡಕೂ ಇದೆ. ಯುರೋಪಿನ ನಿಯಮಗಳಲ್ಲಿ ಅತಿ ಹಗುರ ಡ್ರೋನುಗಳದಾದ ಸಿ0 ವರ್ಗಕ್ಕೆ 250 ಗ್ರಾಮಿಗಿಂತ ಕಡಿಮೆಯಿರಬೇಕು. ಈ ಡ್ರೋನುಗಳೆಲ್ಲ 249ರಲ್ಲಿ ನಿಂತಿರುವುದು, ತೋಳುಗಳು ಇಷ್ಟು ತೆಳ್ಳಗಿರುವುದು ಅದಕ್ಕಾಗಿಯೇ.

ಬೆಸುಗೆ_ಬೆಂಚು

ಭಾರತದಲ್ಲಿ ಇನ್ನೂ ಬಿಗಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೋ, ಅದನ್ನು ದಾಟಿದರೆ ಮೈಕ್ರೋ. ನ್ಯಾನೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೋವಿಗೆ ಆ ವಿನಾಯಿತಿ ಇರುವುದು ವಾಣಿಜ್ಯೇತರ ಬಳಕೆಗೆ ಮಾತ್ರ. ಮದುವೆ ಚಿತ್ರೀಕರಣಕ್ಕೆ ದುಡ್ಡು ತೆಗೆದುಕೊಳ್ಳುವವರು ನಾಲ್ಕು ಕಡ್ಡಿ, ಅಂಟು ಸೇರಿಸಿ 252 ಗ್ರಾಂ ಮಾಡಿಕೊಂಡರೆ ತೋಳು ಗಟ್ಟಿಯಾಗುತ್ತದೋ ಇಲ್ಲವೋ, ಕಾನೂನಿನ ವರ್ಗವಂತೂ ಬದಲಾಗುತ್ತದೆ.

ಬಾಲ್ಸಾ_ಕಾಲದವ

ಪ್ಲಾಸ್ಟಿಕ್ ಬಿಟ್ಟು ಕಾರ್ಬನ್ ಚೌಕಟ್ಟಿನದನ್ನೇ ಕೊಂಡರೆ ಈ ರಗಳೆ ಇಲ್ಲವಲ್ಲ.

ಐದಿಂಚು_ರೇಸರ್

ಬೇರೆ ರಗಳೆ ಇದೆ. ಕಾರ್ಬನ್ ಫೈಬರ್ ಫೆಟೀಗಿಗೆ ಚೆನ್ನಾಗಿ ತಾಳುತ್ತದೆ, ಆದರೆ ಏಟು ಬಿದ್ದರೆ ಒಳಗಿನ ಪದರಗಳು ಬಿಟ್ಟುಕೊಂಡು ಹೊರಗೆ ಏನೂ ಕಾಣದೆ ಇರಬಹುದು. ಪ್ಲಾಸ್ಟಿಕ್ಕು ಬಿಳಿಚಿಕೊಂಡಾದರೂ ಎಚ್ಚರಿಸುತ್ತದೆ. ಕಾರ್ಬನ್ ವಿದ್ಯುತ್ ವಾಹಕವೂ ಹೌದು, ರೇಡಿಯೋ ಸಂಕೇತಕ್ಕೆ ಅಡ್ಡ ಬರುತ್ತದೆ. ಜನಸಾಮಾನ್ಯರ ಡ್ರೋನುಗಳು ಪ್ಲಾಸ್ಟಿಕ್ಕಿನಲ್ಲಿರುವುದಕ್ಕೆ ಅಗ್ಗವೆಂಬುದೊಂದೇ ಕಾರಣವಲ್ಲ.

ಕಲ್ಯಾಣಮಂಟಪ_ಕ್ಯಾಮೆರಾ

ಇಷ್ಟೆಲ್ಲ ಓದಿದ ಮೇಲೆ ಮಸೂರ ಹಿಡಿದು ನೋಡಿದೆ. ಮುಂದಿನ ತೋಳುಗಳಲ್ಲಿ ಏನೂ ಇಲ್ಲ. ಹಿಂದಿನ ಎಡ ಮೋಟಾರಿನ ಒಂದು ಸ್ಕ್ರೂ ರಂಧ್ರದಿಂದ ಹೊರಟ, ನಾಲ್ಕೈದು ಮಿಲಿಮೀಟರ್ ಉದ್ದದ ಒಂದು ಗೆರೆ ಇದೆ. ಉಗುರಿಗೆ ತಾಗುತ್ತದೆ. ಆ ಮೋಟಾರನ್ನು ಹಿಂದೆ ಒಮ್ಮೆ ಅಂಗಡಿಯೊಂದರಲ್ಲಿ ಬಿಚ್ಚಿ ಹಾಕಿದ್ದರು. ವಿಮಾನಗಳಲ್ಲಿ ಬಿರುಕಿನ ತುದಿಗೆ ಸಣ್ಣ ರಂಧ್ರ ಕೊರೆದು ಅದನ್ನು ನಿಲ್ಲಿಸುತ್ತಾರಂತೆ, ಹಾಗೆ ಮಾಡಬಹುದೇ? ಅಥವಾ ಸೂಪರ್ ಗ್ಲೂ?

ಪಾಲಿಮರ್_ಪಾಠ

ಎರಡೂ ಬೇಡ. ಒಂದು ಮಿಲಿಮೀಟರ್ ಗೋಡೆಯಲ್ಲಿ ಬಿರುಕಿನ ನಿಜವಾದ ತುದಿ ಎಲ್ಲಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ನಿಮ್ಮ ರಂಧ್ರ ತುದಿಗಿಂತ ಹಿಂದೆ ಬಿದ್ದರೆ ಅದು ಮುಂದಕ್ಕೆ ಬೆಳೆಯುತ್ತಲೇ ಇರುತ್ತದೆ. ಸೂಪರ್ ಗ್ಲೂ ಒಣಗಿದ ಮೇಲೆ ಪೆಡಸಾಗುತ್ತದೆ, ಕಂಪನಕ್ಕೆ ಬಿಟ್ಟುಕೊಳ್ಳುತ್ತದೆ. ಬಿರುಕು ಹುಟ್ಟಿಸಿದ್ದು ಸ್ಕ್ರೂವಿನ ಬಿಗಿತವಾದರೂ ಇನ್ನು ಮುಂದೆ ಅದನ್ನು ಬೆಳೆಸುವುದು ಮೋಟಾರಿನ ಕಂಪನ. ಬಿರುಕು ಉದ್ದವಾದಷ್ಟೂ ಬೇಗ ಬೆಳೆಯುತ್ತದೆ. ಅಂದರೆ ಫೆಟೀಗಿನ ಪಾಠ ನಿಮಗೆ ಅನ್ವಯಿಸುವುದು ಈಗಿನಿಂದ. ಆ ತೋಳನ್ನು ಬದಲಿಸಿ, ಉಳಿದ ಮೂರನ್ನು ಮುಟ್ಟಬೇಡಿ.

ದಾವಣಗೆರೆ_ಮೆಕ್ಯಾನಿಕಲ್

ಇದಕ್ಕೆ ನನ್ನ ತಕರಾರಿಲ್ಲ. ಅಂಗಡಿಯವರು ತೋರಿಸಿದ್ದು ಮುಂದಿನ ತೋಳುಗಳನ್ನು, ಕೆಟ್ಟಿದ್ದು ಹಿಂದಿನದು ಎಂಬುದನ್ನು ಮಾತ್ರ ದಾಖಲಿಸಿಡಿ. ಬದಲಿಸುವವರೆಗೆ ಜನರ ಮೇಲೆ ಹಾರಿಸಬೇಡಿ. ಜನಸಂದಣಿಯ ಮೇಲೆ ಹಾರಿಸಬಾರದೆಂದು ಕೈಪಿಡಿಯಲ್ಲಿ ಬರೆದಿರುವುದು ಗಟ್ಟಿ ತೋಳಿನ ಡ್ರೋನಿಗೂ ಅನ್ವಯಿಸುತ್ತದೆ.

ಕಲ್ಯಾಣಮಂಟಪ_ಕ್ಯಾಮೆರಾ

ಮೋಟಾರಿನ ಸಮೇತ ಬರುವ ತೋಳನ್ನು ತರಿಸುತ್ತೇನೆ. ನಾನೇ ಹಾಕಿಕೊಳ್ಳಬಹುದೇ, ಬೆಂಚಿನವರೇ?

ಬೆಸುಗೆ_ಬೆಂಚು

ಬೆಸುಗೆ ಬರುವುದಾದರೆ ಹಾಕಿಕೊಳ್ಳಿ. ನಿಮ್ಮದು ಹಿಂದಿನ ತೋಳಾದ್ದರಿಂದ ಸ್ವಲ್ಪ ಸುಲಭ. ಅನೇಕ ಮಡಚುವ ಡ್ರೋನುಗಳಲ್ಲಿ ಮುಂದಿನ ಕಾಲುಗಳೊಳಗೆ ಆಂಟೆನಾ ತಂತಿ ಇರುತ್ತದೆ. ಬಿಚ್ಚುವ ಮೊದಲು ಮೂರು ತಂತಿಗಳ ಕ್ರಮದ ಫೋಟೊ ತೆಗೆದಿಡಿ, ಯಾವುದಾದರೂ ಎರಡು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಕೀಲಿನೊಳಗೆ ತಂತಿ ಮೊದಲು ಎಷ್ಟು ಸಡಿಲವಿತ್ತೋ ಅಷ್ಟೇ ಸಡಿಲ ಬಿಡಿ, ಎಳೆದು ಕಟ್ಟಬೇಡಿ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂವನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ, ಹಳೆಯ ಮರೆಗೆ (ಸ್ಕ್ರೂವಿನ ಸುರುಳಿ ಗೆರೆಗೆ) ಟಕ್ಕೆಂದು ಕುಳಿತ ಮೇಲೆ ಮುಂದಕ್ಕೆ ತಿರುಗಿಸಿ, ತಲೆ ಕುಳಿತ ಕೂಡಲೇ ನಿಲ್ಲಿಸಿ. ಥ್ರೆಡ್‌ಲಾಕರನ್ನು ಡಬ್ಬಿಯಿಂದ ಹೊರಗೆ ತೆಗೆಯಬೇಡಿ. ಪ್ರೊಪೆಲರ್ ಇಲ್ಲದೆ ಮೋಟಾರು ತಿರುಗಿಸಿ ದಿಕ್ಕು ನೋಡಿ, ಚಲನೆ ಅಳೆಯುವ ಸಂವೇದಕವನ್ನು (ಐಎಂಯು) ಕ್ಯಾಲಿಬ್ರೇಟ್ ಮಾಡಿ, ಆಮೇಲೆ ಆ ಮೋಟಾರಿಗೆ ಹೊಸ ಪ್ರೊಪೆಲರ್ ಜೋಡಿ ಹಾಕಿ ಖಾಲಿ ಮೈದಾನದಲ್ಲಿ ಎದೆಯೆತ್ತರಕ್ಕೆ ಏರಿಸಿ ನಿಲ್ಲಿಸಿ. ಒಂದು ಬ್ಯಾಟರಿ ಮುಗಿಯುವವರೆಗೆ ಹಾಗೆಯೇ ಬಿಟ್ಟು, ಇಳಿಸಿದ ಕೂಡಲೇ ನಾಲ್ಕೂ ಮೋಟಾರುಗಳನ್ನು ಮುಟ್ಟಿ ನೋಡಿ. ಹೊಸದು ಉಳಿದ ಮೂರಕ್ಕಿಂತ ಬಿಸಿಯಾಗಿದ್ದರೆ ಇಲ್ಲಿ ಬಂದು ಬರೆಯಿರಿ.